ಯಾಕಿಮಾ ಡೈರಿ: ನಾಲ್ಕು ಮೀನು ನುಂಗಿದ ಒಂದು ಗಂಟು

ಸಿಕ್ಕಿತು! ಮೀನೂ ಸಿಕ್ಕಿತು, ನನ್ನ ತಪ್ಪೂ ಸಿಕ್ಕಿತು. ತಪ್ಪು ಸಿಕ್ಕಿದ್ದಕ್ಕೇ ಜಾಸ್ತಿ ಖುಷಿ.

ಸೆಪ್ಟೆಂಬರ್‌ನಿಂದ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ನದಿ ಕಣಿವೆಯಲ್ಲಿ, ಅಂದರೆ ಯಾಕಿಮಾ ಕ್ಯಾನ್ಯನ್‌ನಲ್ಲಿ, ಗಾಳಕ್ಕೆ ಬಿದ್ದ ನಾಲ್ಕು ದೊಡ್ಡ ರೇನ್‌ಬೋ ಟ್ರೌಟ್ ಮೀನು ಕಳೆದುಕೊಂಡಿದ್ದೆ. ನಾಲ್ಕೂ ಒಂದೇ ಥರ. ಕಚ್ಚಿತು, ಓಡಿತು, ರಾಡ್ ಬಾಗಿತು, ಆಮೇಲೆ ಲೈನ್ ಸಡಿಲ. ಫ್ಲೈ (ಕೊಕ್ಕೆಗೆ ಕಟ್ಟಿದ ಹುಸಿ ಹುಳ) ಹೋಯಿತು, ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ದಾರ) ಹೋಯಿತು, ದಡದಲ್ಲಿ ಕೂತು ನೋಡುತ್ತಿದ್ದವರ ಮುಂದೆ ಮರ್ಯಾದೆಯೂ ಹೋಯಿತು.

ನದಿಯನ್ನು ಬೈಯುವ ಹಾಗಿಲ್ಲ. ಬೇಸಿಗೆ ಪೂರ್ತಿ ಮೇಲಿನ ಅಣೆಕಟ್ಟುಗಳಿಂದ ಹೊಲಗಳಿಗೆ ನೀರು ಬಿಡುತ್ತಾರೆ, ಕ್ಯಾನ್ಯನ್ ತುಂಬಿ ಹರಿಯುತ್ತದೆ, ಕಾಲಿಡುವುದೇ ಕಷ್ಟ. ಸೆಪ್ಟೆಂಬರ್‌ನಲ್ಲಿ ಆ ನೀರು ತಗ್ಗಿಸಿ, ಹೊಲಗಳಿಗೆ ಬೇಕಾದ್ದನ್ನು ರಿಮ್‌ರಾಕ್ ಜಲಾಶಯದಿಂದ ಪಕ್ಕದ ನ್ಯಾಚೀಸ್ ನದಿ ಕಡೆ ಬಿಡುತ್ತಾರೆ. ಇದಕ್ಕೆ ಇಲ್ಲಿ ಫ್ಲಿಪ್‌ಫ್ಲಾಪ್ ಅಂತಲೇ ಹೆಸರು. ಕಾರಣ ಚಿನೂಕ್ ಸಾಲ್ಮನ್. ನೀರು ಜಾಸ್ತಿ ಇದ್ದಾಗ ಅಂಚಿನಲ್ಲಿ ಮೊಟ್ಟೆ ಇಟ್ಟರೆ, ಚಳಿಗಾಲದಲ್ಲಿ ನೀರು ಇಳಿದು ಮೊಟ್ಟೆ ಒಣಗಿ ಹೋಗುತ್ತದೆ. ಅದಕ್ಕೇ ಮೊದಲೇ ಇಳಿಸಿಬಿಡುತ್ತಾರೆ. ಸಾಲ್ಮನ್‌ಗೆ ಮಾಡಿದ ಉಪಕಾರದಲ್ಲಿ ನಮಗೂ ಒಂದಿಷ್ಟು ಪಾಲು.

ಸರಿ, ಗಂಟಿನ ವಿಷಯಕ್ಕೆ ಬರೋಣ. ಮೊದಲ ಅನುಮಾನ ಟಿಪ್ಪೆಟ್ ಮೇಲೆ. ಆನ್‌ಲೈನ್‌ನಲ್ಲಿ ತರಿಸಿದ 5 ಎಕ್ಸ್ (ಎಕ್ಸ್ ಅಂದರೆ ದಾರದ ದಪ್ಪದ ಅಳತೆ) ನೈಲಾನ್, ಡಬ್ಬಿ ಮೇಲೆ ಎರಡು ಬೆರಳು ಧೂಳು. ಯಾವ ಕಾಲದ ಸರಕೋ! ಬೆಂಗಳೂರಿಗೆ ಹೋಗುವಾಗ 23 ಕೆಜಿ ದಾಟಿತಾ ಅಂತ ಸೂಟ್‌ಕೇಸ್ ತೂಗುತ್ತೇವಲ್ಲ, ಆ ಕೈತಕ್ಕಡಿ ತೆಗೆದೆ. ಒಂದು ತುದಿ ಗ್ಯಾರೇಜಿನ ಬಾಗಿಲ ಹಿಡಿಗೆ, ಇನ್ನೊಂದು ತುದಿ ತಕ್ಕಡಿಗೆ. ಡಬ್ಬಿ ಹೇಳುವುದು 4.75 ಪೌಂಡ್, ಅಂದರೆ 2 ಕೆಜಿಗೆ ಸ್ವಲ್ಪ ಮೇಲೆ. ಬರೀ ದಾರ ಅಷ್ಟನ್ನೂ ತಡೆಯಿತು. ಫ್ಲೈ ಕಟ್ಟುವ ಕ್ಲಿಂಚ್ ಗಂಟನ್ನು ಒಣಗಿದ ಹಾಗೇ ಬಿಗಿದರೆ 1.3 ಕೆಜಿಗೆ ಪಟ್. ಉಗುಳು ಹಚ್ಚಿ ನಿಧಾನಕ್ಕೆ ಬಿಗಿದರೆ 1.9. ಹೆಂಡತಿ ಬಾಗಿಲಲ್ಲಿ ನಿಂತು, "ಅಲ್ಲಾ ಕಣ್ರೀ, ಮೀನು ಹಿಡಿಯೋಕೆ ಹೋಗ್ತೀರೋ, ಬಾಗಿಲು ಹಿಡಿಯೋಕೋ?" ಅಂದಳು.

ಉಗುಳೇ ಪರಿಹಾರ ಅಂದುಕೊಂಡು ಮುಂದಿನ ವಾರ ಹೋದೆ. ನಾಲ್ಕನೇ ಮೀನು ಹೋಗಿದ್ದು ಆವತ್ತೇ.

ಈ ಸಲ ಮಾತ್ರ ಒಂದು ಬುದ್ಧಿವಂತಿಕೆ ಮಾಡಿದೆ. ಪ್ರತಿ ಸಲ ಸಿಟ್ಟಲ್ಲಿ ಲೀಡರ್ (ಲೈನಿಗೂ ಟಿಪ್ಪೆಟ್‌ಗೂ ನಡುವಿನ ದಾರ) ತುದಿಯನ್ನು ಕತ್ತರಿಸಿ ಎಸೆದು ಹೊಸ ಟಿಪ್ಪೆಟ್ ಕಟ್ಟುತ್ತಿದ್ದೆ. ಈ ಸಲ ಹಾಗೇ ಸುತ್ತಿ ಮನೆಗೆ ತಂದೆ. ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ, ತುದಿ ಹಂದಿ ಬಾಲದ ಹಾಗೆ ಸುರುಳಿ! ಕಿತ್ತಿದ್ದರೆ ತುಂಡಾಗಿರಬೇಕಿತ್ತು. ಇದು ಕಿತ್ತಿದ್ದಲ್ಲ, ಜಾರಿದ್ದು. ಅಂದರೆ ಫ್ಲೈ ಹತ್ತಿರದ ಗಂಟಲ್ಲ, ಲೀಡರನ್ನೂ ಟಿಪ್ಪೆಟನ್ನೂ ಸೇರಿಸುವ ಗಂಟು, ಬ್ಲಡ್ ನಾಟ್. ಎರಡು ವಾರ ತಪ್ಪು ಗಂಟನ್ನು ತೂಗುತ್ತಾ ಕೂತಿದ್ದೆ.

ಮೈಕ್ರೋಮೀಟರ್ ಇಟ್ಟೆ. ಲೀಡರ್ ತುದಿ 0.28 ಮಿಮೀ, ಟಿಪ್ಪೆಟ್ 0.15. ಗಾಳದವರ ಹಳೇ ಲೆಕ್ಕ ಒಂದಿದೆ, 11ರಲ್ಲಿ ಎಕ್ಸ್ ಸಂಖ್ಯೆ ಕಳೆದರೆ ಇಂಚಿನ ಸಾವಿರದಲ್ಲಿ ದಪ್ಪ. 5 ಎಕ್ಸ್ ಅಂದರೆ 6. ನನ್ನ ಲೀಡರ್ ತುದಿ 11, ಅಂದರೆ 0 ಎಕ್ಸ್! ಕೊಂಡಾಗ ಅದೂ 5 ಎಕ್ಸ್ ಆಗಿತ್ತು. ಆದರೆ ಲೀಡರ್ ಬುಡದ ಕಡೆಗೆ ದಪ್ಪ ಆಗುತ್ತಾ ಹೋಗುತ್ತದೆ. ಒಂದೊಂದು ಮೀನು ಹೋದಾಗಲೂ ಸಿಟ್ಟಲ್ಲಿ ಕತ್ತರಿಸಿದೆ, ತುದಿ ಇನ್ನಷ್ಟು ದಪ್ಪ ಆಯಿತು, ಗಂಟು ಇನ್ನಷ್ಟು ಸುಲಭವಾಗಿ ಜಾರಿತು, ಮತ್ತೆ ಕತ್ತರಿಸಿದೆ. ಹಗ್ಗಕ್ಕೆ ಹೊಲಿಗೆ ದಾರ ಕಟ್ಟಿದ ಹಾಗೆ. ಅದೇ ಜೋಡಿಯನ್ನು ತಕ್ಕಡಿಗೆ ಹಾಕಿದರೆ 700 ಗ್ರಾಂಗೆ ಮೆತ್ತಗೆ ಕಳಚಿಕೊಂಡಿತು. ಸದ್ದೂ ಇಲ್ಲ.

ಪರಿಹಾರ: 2 ಮಿಮೀ ಟಿಪ್ಪೆಟ್ ರಿಂಗ್, ಅಂದರೆ ಲೀಡರ್ ಒಂದು ಕಡೆ, ಟಿಪ್ಪೆಟ್ ಇನ್ನೊಂದು ಕಡೆ ಕಟ್ಟುವ ಪುಟ್ಟ ಉಂಗುರ. ಎರಡು ಕಡೆಯೂ ಕ್ಲಿಂಚ್, ಎರಡಕ್ಕೂ ಉಗುಳು. 1.9 ಕೆಜಿ ತಡೆಯಿತು. ಪ್ಯಾಕೆಟ್ ಮೇಲೆ 10 ಅಂತ ಬರೆದಿತ್ತು, ಒಳಗೆ ಇದ್ದದ್ದು 8. ಅದರಲ್ಲಿ ಎರಡು, ಪೋಣಿಸಿದ್ದ ಪಿನ್ನಿನಿಂದ ಜಾರಿ ಕಾರ್ಪೆಟ್ ಸೇರಿದವು. ಸಾಸಿವೆಯನ್ನಾದರೂ ಹುಡುಕಬಹುದು.

ಇನ್ನೊಬ್ಬ ಮಾರಾಟಗಾರನ ಕಥೆ ಕೇಳಿ. ಅಕ್ಟೋಬರ್ ಕ್ಯಾಡಿಸ್ ಅನ್ನುವ ಹುಳದ ಥರದ ಫ್ಲೈ ಕಟ್ಟಲು ಕಿತ್ತಳೆ ಬಣ್ಣದ ಡಬ್ಬಿಂಗ್ (ಫ್ಲೈ ಮೈಗೆ ಸುತ್ತುವ ನಾರು) ಕೇಳಿದ್ದೆ. ಬಂದದ್ದು ಬೊಂಬಾಯಿ ಮಿಠಾಯಿ ಗುಲಾಬಿ. ವಾಪಸ್ ಕಳಿಸಲು ಕವರ್ ಅಂಟಿಸಿದವನು ನಿಲ್ಲಿಸಿದೆ. ನಮ್ಮ ರಾಜ್ಯದ ಕಡಲಕೊಲ್ಲಿ ಪ್ಯೂಜೆಟ್ ಸೌಂಡ್ ಸೇರುವ ನದಿಗಳಿಗೆ ಪಿಂಕ್ ಸಾಲ್ಮನ್ ಬರುವುದು ಬೆಸ ವರ್ಷಗಳಲ್ಲಿ, ಅವಕ್ಕೆ ಎರಡೇ ವರ್ಷ ಆಯಸ್ಸು. ಅವಕ್ಕೆ ಹಾಕುವುದೂ ಗುಲಾಬಿ ಫ್ಲೈಯೇ! ಮುಂದಿನ ಬೆಸ ವರ್ಷ ಅಂಥದೇ ಒಂದು ನದಿ ಸ್ಕೈಕೋಮಿಶ್‌ಗೆ ಹೋಗುವುದು ಖಾಯಂ. ಈಗಾಗಲೇ ಆರು ಕಟ್ಟಿದ್ದೇನೆ. ಏಳನೆಯದು ನೋಡಲು ಮಗಳ ಕ್ಲಿಪ್ ಥರ ಬಂದಿದೆ.

ಶನಿವಾರ ಬೆಳಿಗ್ಗೆ ಕ್ಯಾನ್ಯನ್. ಕಾವೇರಿಯಲ್ಲಿ ಮಹಶೀರ್‌ಗೆ ರಾಗಿ ಮುದ್ದೆ ಕಟ್ಟುತ್ತಿದ್ದ ಹಾಗೆ ಇಲ್ಲಿ ಕಟ್ಟುವಂತಿಲ್ಲ, ವಾಸನೆ ಇರುವ ಯಾವುದೂ ನಡೆಯುವುದಿಲ್ಲ, ಕೊಕ್ಕೆಗೆ ಹಿಮ್ಮುಳ್ಳೂ ಇರಬಾರದು. ಹತ್ತು ಗಂಟೆಗೆ ಬಂಡೆಯ ಹಿಂದೆ ಕಚ್ಚಿತು. ನಡುನೀರಿಗೆ ಓಡಿತು, ಎರಡು ಸಲ ಹಾರಿತು. ನಾನು ಮೀನು ನೋಡಲೇ ಇಲ್ಲ, ರಿಂಗನ್ನೇ ನೋಡುತ್ತಿದ್ದೆ. 19 ಇಂಚು. ಕೆನ್ನೆ ಮೇಲೆ ಕುಂಕುಮ ಸವರಿದ ಹಾಗೆ ಕೆಂಪು. ಬಲೆಯನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿದೆ, ಬಾಲದಿಂದ ಮುಖಕ್ಕೆ ನೀರು ಎರಚಿ ಹೋಯಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಎರಡು ಗಂಟೆ ಕಾರು ಓಡಿಸಿ ಹೋಗಿ, ಹಿಡಿದು, ವಾಪಸ್ ಬಿಟ್ಟು ಬಂದೆಯಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂತ ಕೇಳಿದರು.

ಈಗ ಲೆಕ್ಕ: ಲೀಡರ್ ಮೇಲೆ ಒಂದು ರಿಂಗ್, ಡಬ್ಬಿಯಲ್ಲಿ ಐದು, ಕಾರ್ಪೆಟ್‌ನಲ್ಲಿ ಎರಡು.