ಹನ್ನೆರಡನೇ ವಾರದ ಸ್ಕ್ಯಾನ್

ಇಂದು ತಂಗಿಯ ಜೊತೆ ಹನ್ನೆರಡನೇ ವಾರದ ಸ್ಕ್ಯಾನಿಂಗ್‌ಗೆ ಹೋಗಿದ್ದೆ. ಮಗುವನ್ನು ತೋರಿಸಿದ ಮೇಲೆ ವೈದ್ಯರು ಗರ್ಭಕೋಶದ ರಕ್ತನಾಳದ ಡಾಪ್ಲರ್, ಅಂದರೆ ಅದರಲ್ಲಿ ರಕ್ತ ಹರಿಯುವ ಬಗೆಯನ್ನು ತೋರಿಸುವ ಸ್ಕ್ಯಾನ್, ನೋಡಿದರು. ಪರದೆಯ ಮೇಲೆ ಪ್ರತಿ ಬಡಿತಕ್ಕೂ ಒಂದು ಅಲೆ ಏರಿ, ಇಳಿದ ಕಡೆ ಸಣ್ಣದೊಂದು ತಗ್ಗು ಮೂಡಿಸಿ ಸಾಗುತ್ತಿತ್ತು. ಈ ಹಂತದಲ್ಲಿ ಅದು ಸಹಜ, ಬರಬರುತ್ತಾ ಮಾಯವಾಗುತ್ತದೆ ಎಂದರು.

ಆ ತಗ್ಗಿನ ಹಿಂದೆ ನಡೆಯುತ್ತಿರುವ ಕೆಲಸವೇ ಮನಸ್ಸನ್ನು ಹಿಡಿದುಕೊಂಡಿದೆ. ಗರ್ಭಕೋಶದ ಒಳಪದರದಲ್ಲಿ ಸುರುಳಿಯಾಕಾರದ ಸಣ್ಣ ಅಪಧಮನಿಗಳಿರುತ್ತವೆ. ಮಾಸುವಿನ ಟ್ರೋಫೋಬ್ಲಾಸ್ಟ್ ಕೋಶಗಳು, ಅಂದರೆ ಮಗುವಿನ ಕಡೆಯವು, ತಾಯಿಯ ಆ ನಾಳಗಳೊಳಗೆ ಇಳಿದು, ಗೋಡೆಯ ಸ್ನಾಯುವನ್ನು ಸರಿಸಿ ತಾವೇ ಅಲ್ಲಿ ನೆಲೆಸುತ್ತವೆ. ಕುಗ್ಗುವ ಶಕ್ತಿ ಕಳೆದುಕೊಂಡ ನಾಳವು ಆಲಿಕೆಯಂತೆ ಬಾಯಗಲಿಸಿ, ರಕ್ತವನ್ನು ರಭಸವಿಲ್ಲದೆ ಧಾರಾಳವಾಗಿ ಹರಿಯಬಿಡುತ್ತದೆ. ನನಗೆ ಇನ್ನೂ ಸೋಜಿಗವೆನಿಸುವುದು ಅದಕ್ಕೂ ಮುಂಚಿನ ಸಂಗತಿ: ಸುಮಾರು 10 ವಾರಗಳವರೆಗೆ ಅದೇ ಕೋಶಗಳು ನಾಳಗಳ ಬಾಯನ್ನು ಬಹುಮಟ್ಟಿಗೆ ಮುಚ್ಚಿಕೊಂಡು, ಎಳೆಯ ಭ್ರೂಣವನ್ನು ಅತಿಯಾದ ಆಮ್ಲಜನಕದಿಂದ ಕಾಯುತ್ತವೆ. ಅಲ್ಲಿಯವರೆಗೆ ಗರ್ಭಕೋಶದ ಗ್ರಂಥಿಗಳ ಸ್ರಾವವೇ ಅದರ ಮುಖ್ಯ ಆಹಾರ.

ತಿಂಗಳು ತುಂಬುವ ಹೊತ್ತಿಗೆ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯಬೇಕು. ನಾಳಗಳ ಈ ಮಾರ್ಪಾಡು ಅರ್ಧಕ್ಕೇ ನಿಂತರೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ತಾಯಿಗೆ ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ರಕ್ತದೊತ್ತಡ ಏರುವ ಅಪಾಯಕಾರಿ ಕಾಯಿಲೆ, ಬರಬಹುದು. ಪ್ರತಿ ತಪಾಸಣೆಯಲ್ಲೂ ತಪ್ಪದೆ ಬಿಪಿ ನೋಡುವುದಕ್ಕೆ ಇದೂ ಒಂದು ದೊಡ್ಡ ಕಾರಣ.