"ಸಿಂಪಲ್ಲಾಗಿರೋಕೆ ಏನೇನು ಬಿಟ್ರಿ?"

"ಇಷ್ಟು ಮಕ್ಕಳನ್ನಿಟ್ಟುಕೊಂಡು ಅಷ್ಟು ಸಿಂಪಲ್ಲಾಗಿ ಹೇಗಿರ್ತೀರಿ? ಏನೇನು ಬಿಟ್ರಿ?" ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಹೊರಗೆ ಬಂದರೆ ಸಾಕು, ಯಾರಾದರೊಬ್ಬರು ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ.

ಏನೂ ಬಿಟ್ಟಿಲ್ಲ. ದೊಡ್ಡವಳ ಬಟ್ಟೆ ಚಿಕ್ಕವಳಿಗೆ ಬರುತ್ತದೆ. ಅದು ಸದ್ಗುಣವಲ್ಲ, ಲೆಕ್ಕಾಚಾರ. ಗೋಡೆ ಖಾಲಿ ಇರುವುದು, ಏನು ತೂಗುಹಾಕಿದರೂ ಮಗ ಕಿತ್ತು ಹಾಕುವುದರಿಂದ.

ನನಗೆ ಸಿಟ್ಟು ಬರುವುದು ಆ "ಬಿಟ್ರಿ" ಎಂಬ ಮಾತಿಗೆ. ಸರಳತೆ ಅಂದರೆ ಕಪಾಟು ಖಾಲಿ ಮಾಡುವುದು ಅಂದುಕೊಂಡಿದ್ದಾರೆ. 13ನೇ ಶತಮಾನದ ಕ್ರೈಸ್ತ ಚಿಂತಕ ಸಂತ ಥಾಮಸ್ ಅಕ್ವಿನಾಸ್ ಸರಳತೆಯನ್ನು ಕೂರಿಸಿದ್ದು ಸತ್ಯವಂತಿಕೆಯ ಪಕ್ಕದಲ್ಲಿ. ಅದರ ವೈರಿ ಶ್ರೀಮಂತಿಕೆಯಲ್ಲ, ಒಳಗೊಂದು ಹೊರಗೊಂದು ಇರುವುದು. ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾಳ ತಾಯಿ ಝೆಲಿ ಮಾರ್ಟಿನ್ ಲೇಸ್ ಉದ್ಯಮ ನಡೆಸುತ್ತಿದ್ದಾಕೆ. ಒಂಬತ್ತು ಮಕ್ಕಳನ್ನು ಹೆತ್ತು ನಾಲ್ವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಳು. ಆಕೆಯ ಪತ್ರಗಳಲ್ಲಿ ಸುಸ್ತು, ವ್ಯಾಪಾರದ ತಲೆನೋವು, ಮಕ್ಕಳ ರಗಳೆ ಎಲ್ಲ ಇದ್ದ ಹಾಗೇ ಇವೆ. 2015ರಲ್ಲಿ ಗಂಡ ಲೂಯಿಯ ಜೊತೆಗೇ ಆಕೆಯನ್ನು ಸಂತಳೆಂದು ಸಾರಿದರು. ಕಪಾಟು ಎಣಿಸಿ ಅಲ್ಲ.

ಇನ್ನು ನನ್ನ ಕಥೆ. ಒಂದು ಸಂಜೆ ಫಾದರ್ ಮನೆಗೆ ಬರುತ್ತೇನೆಂದರು. ಅರ್ಧ ಗಂಟೆಯಲ್ಲಿ ಮಡಚದ ಬಟ್ಟೆಯ ರಾಶಿಯನ್ನೆಲ್ಲ ಬಚ್ಚಲಿಗೆ ತುರುಕಿ ಚಿಲಕ ಹಾಕಿದೆ. ಬೈಬಲ್ಲು ಧೂಳು ಒರೆಸಿಕೊಂಡು ಮೇಜಿನ ಮೇಲೆ ಬಂತು. ಫಾದರ್ ಕೂತ ಮೇಲೆ ಜಪಸರ ಶುರು ಮಾಡಿದೆ, ದಿನಾ ಹೀಗೇ ಎನ್ನುವ ದನಿಯಲ್ಲಿ. ಜಪಸರದಲ್ಲಿ ಹತ್ತು ಮಣಿಗೊಂದರಂತೆ ಐದು "ರಹಸ್ಯ"ಗಳು. ಎರಡನೆಯದಕ್ಕೆ ಚಿಕ್ಕವಳು ತಲೆಯೆತ್ತಿದಳು. "ಅಮ್ಮಾ, ಹತ್ತು ಮಣಿ ಆಯ್ತಲ್ಲ, ಇವತ್ಯಾಕೆ ನಿಲ್ಲಿಸ್ತಿಲ್ಲ?" ನಾನು ಕಣ್ಣು ಕೆಕ್ಕರಿಸಿದೆ. ದೊಡ್ಡವಳು ಪಿಸುಗುಟ್ಟಿದಳು, ಎಲ್ಲರಿಗೂ ಕೇಳುವಷ್ಟು: "ಫಾದರ್ ಇದಾರೆ ಕಣೇ, ಸುಮ್ನಿರು."

ಫಾದರ್ ಪುಣ್ಯಾತ್ಮರು, ನಗಲಿಲ್ಲ. ಜಪ ಮುಗಿದ ಮೇಲೆ ಕೈ ತೊಳೆಯಬೇಕಿತ್ತು, ಬಚ್ಚಲು ಎಲ್ಲಿ ಎಂದರು.

ಬಟ್ಟೆಯ ರಾಶಿಯ ಅವಮಾನ ವಾರದಲ್ಲಿ ಮರೆತುಹೋಯಿತು. ದೊಡ್ಡವಳ ಮಾತು ಇನ್ನೂ ಚುಚ್ಚುತ್ತದೆ. ಜನ ನೋಡುತ್ತಿದ್ದರೆ ಐವತ್ತು ಮಣಿ, ಇಲ್ಲದಿದ್ದರೆ ಹತ್ತು ಎಂದು ಅವಳಿಗೆ ಕಲಿಸಿದವಳು ನಾನೇ, ಅದೂ ಬಾಯಿಬಿಟ್ಟು ಏನೂ ಹೇಳದೆ.

ಏನು ಬಿಟ್ರಿ ಎನ್ನುವ ಬದಲು, ಯಾರೂ ಇಲ್ಲದಾಗ ನಿಮ್ಮ ಮನೆ ಹೇಗಿರುತ್ತದೆ ಎಂದು ಕೇಳಿ ನೋಡೋಣ. ಹತ್ತೇ ಮಣಿ. ಅದರಲ್ಲೂ ಆರನೆಯದರ ಹೊತ್ತಿಗೆ ಯಾರೋ ಯಾರನ್ನೋ ಜಿಗುಟಿರುತ್ತಾರೆ. ನಾನು ಕೂಗಾಡುತ್ತೇನೆ. ಮಲಗುವ ಮುಂಚೆ "ಅಮ್ಮಂದು ತಪ್ಪಾಯ್ತು" ಎನ್ನುತ್ತೇನೆ. ಮೊದಲೆಲ್ಲ ಅದಕ್ಕೆ "ಆದ್ರೆ ನೀವೂ..." ಎಂಬ ಬಾಲ ಇರುತ್ತಿತ್ತು, ಅದನ್ನು ಕತ್ತರಿಸಲು ವರ್ಷಗಳೇ ಹಿಡಿದವು. ಫಾದರ್ ಮುಂದೆ ನಮ್ಮ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯಲ್ಲೂ ಅದೇ ಕಥೆ: ಗಂಡನ ತಪ್ಪುಗಳನ್ನೆಲ್ಲ ಒಪ್ಪಿಸಿ ಆಮೇಲೆ ನನ್ನದಕ್ಕೆ ಬರುತ್ತಿದ್ದೆ.

ನಂಬಿಕೆ ಬರದಿದ್ದರೆ ಮನೆಗೇ ಬನ್ನಿ. ಕುರ್ಚಿ ಮೇಲಿನ ಬಟ್ಟೆ ಸರಿಸಿ ಕೂರಿ. ಹೇಳಿ ಮಾತ್ರ ಬರಬೇಡಿ. ಅರ್ಧ ಗಂಟೆ ಸಿಕ್ಕಿತೆಂದರೆ ನನ್ನ ಕೈ ಈಗಲೂ ತುರಿಸುತ್ತದೆ.