ಮೈನರ್ ಲೀಗ್ ಹುಡುಗರಿಗೆಂದು ಎತ್ತಿಟ್ಟ 30 ಡಾಲರ್

ನಮ್ಮ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ 2024ರ ಹರಾಜು ಮಾರ್ಚ್ 24ರ ಭಾನುವಾರಕ್ಕೆ ನಿಗದಿಯಾಗಿತ್ತು. ಐಪಿಎಲ್ ಹರಾಜನ್ನು ನೋಡಿದವರಿಗೆ ಇದರ ಚೌಕಟ್ಟು ಹೊಸದೆನಿಸುವುದಿಲ್ಲ: ಹನ್ನೆರಡು ಮಂದಿಯಲ್ಲಿ ಪ್ರತಿಯೊಬ್ಬರ ಬಳಿಯೂ 260 ಕಾಲ್ಪನಿಕ ಡಾಲರ್ ಇರುತ್ತದೆ, ಅಷ್ಟರಲ್ಲಿ 23 ಆಟಗಾರರನ್ನು ಕೊಳ್ಳಬೇಕು, ಆಮೇಲೆ ಆ ಆಟಗಾರರು ನಿಜವಾದ ಪಂದ್ಯಗಳಲ್ಲಿ ಗಳಿಸುವ ಹೋಮ್ ರನ್, ಸ್ಟೀಲ್ (ಚೆಂಡು ಹೊಡೆಯುವುದಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಕದಿಯುವುದು), ಬ್ಯಾಟಿಂಗ್ ಸರಾಸರಿ, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಪಿಚರ್ ಬ್ಯಾಟರ್‌ನನ್ನು ಔಟ್ ಮಾಡುವುದು) ಇವೇ ನಮ್ಮ ಅಂಕಗಳಾಗುತ್ತವೆ. ನಮ್ಮಲ್ಲಿ ಇನ್ನೊಂದು ನಿಯಮವೂ ಇದೆ. ಕೊಂಡ ಆಟಗಾರನನ್ನು ಮುಂದಿನ ವರ್ಷ ಐದು ಡಾಲರ್ ಹೆಚ್ಚಿಗೆ ಕೊಟ್ಟು ಉಳಿಸಿಕೊಳ್ಳಬಹುದು. ಹಾಗಾಗಿ ಕೆಳಹಂತದ ಮೈನರ್ ಲೀಗಿನಲ್ಲೇ ಇದ್ದು, ಅತ್ಯುನ್ನತ ಮಟ್ಟದ ಮೇಜರ್ ಲೀಗಿನ ಮೆಟ್ಟಿಲು ಇನ್ನೂ ಹತ್ತದ ಹುಡುಗನೊಬ್ಬನನ್ನು ಕಡಿಮೆ ಬೆಲೆಗೆ ಹಿಡಿದರೆ ಅದರ ಫಲ ಒಂದೇ ಋತುವಿಗೆ ಮುಗಿಯುವುದಿಲ್ಲ. ಆ ವರ್ಷ ಅಂಥ ಹುಡುಗರಿಗೆಂದು 30 ಡಾಲರನ್ನು ಮೊದಲೇ ಎತ್ತಿಟ್ಟು, ಉಳಿದ ಲೆಕ್ಕವನ್ನೆಲ್ಲ ಅದರ ಸುತ್ತಲೇ ಕಟ್ಟಬೇಕೆಂದು ನಾನು ನಿರ್ಧರಿಸಿದ್ದೆ.

ಯಾರಲ್ಲಿ ಪ್ರತಿಭೆ ಇದೆ ಎನ್ನುವುದು ಈ ಲೆಕ್ಕದ ಸುಲಭವಾದ ಭಾಗ, ಏಕೆಂದರೆ ಅದು ಹನ್ನೆರಡು ಮಂದಿಗೂ ಗೊತ್ತಿರುತ್ತದೆ. ಹುಡುಗನನ್ನು ಕ್ಲಬ್ ಯಾವ ದಿನ ಮೇಲಕ್ಕೆ ಕರೆಯುತ್ತದೆ ಎಂಬುದು ಕಷ್ಟದ ಭಾಗ, ಮತ್ತು ಬೆಲೆ ನಿಲ್ಲಬೇಕಾದದ್ದು ಅದರ ಮೇಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೇಜರ್ ಲೀಗಿನಲ್ಲಿ 172 ದಿನ ಇದ್ದರೆ ಆಟಗಾರನಿಗೆ ಒಂದು ಪೂರ್ಣ ವರ್ಷದ ಸೇವೆ ಸಂದಂತೆ. ಅಂಥ ಆರು ವರ್ಷ ತುಂಬಿದ ಮೇಲೆ ಅವನು ತನಗೆ ಬೇಕಾದ ಕ್ಲಬ್‌ನೊಡನೆ ಒಪ್ಪಂದ ಮಾಡಿಕೊಳ್ಳಲು ಸ್ವತಂತ್ರ. 2015ರಲ್ಲಿ ಕ್ರಿಸ್ ಬ್ರಯಂಟ್‌ನನ್ನು ಶಿಕಾಗೊ ಕಬ್ಸ್ ಕರೆಸಿಕೊಂಡದ್ದು ಏಪ್ರಿಲ್ 17ರಂದು, ಮತ್ತು ಋತು ಮುಗಿದಾಗ ಅವನ ಖಾತೆಯಲ್ಲಿದ್ದದ್ದು 171 ದಿನ. ಆ ಒಂದು ದಿನದ ಕೊರತೆಯಿಂದ ಕ್ಲಬ್‌ಗೆ ಅವನ ಮೇಲೆ ಇನ್ನೊಂದು ವರ್ಷದ ಹಿಡಿತ ದೊರೆಯಿತು. ಕ್ಲಬ್‌ಗಳೂ ಆಟಗಾರರ ಸಂಘವೂ ಮಾಡಿಕೊಂಡ 2022ರ ಒಪ್ಪಂದ ಇದನ್ನು ಸ್ವಲ್ಪಮಟ್ಟಿಗೆ ಸಡಿಲಿಸಿದೆಯಾದರೂ, ಹರಾಜಿಗೆ ತಯಾರಾಗುವವನು ಈ ದಿನಗಣನೆಯನ್ನು ಓದದೆ ಇರಲಾಗದು.

ನಾನಿರುವುದು ನ್ಯೂ ಜೆರ್ಸಿಯಲ್ಲಿ. ಬಾಲಾಜಿ ದೇವಸ್ಥಾನದ ದೆಸೆಯಿಂದ ನಮ್ಮವರಿಗೆಲ್ಲ ಪರಿಚಿತವಾದ ಬ್ರಿಡ್ಜ್‌ವಾಟರ್‌ನಲ್ಲೇ ನ್ಯೂಯಾರ್ಕ್ ಯಾಂಕೀಸ್‌ನ ಡಬಲ್-ಎ (ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ) ತಂಡವಾದ ಸಾಮರ್‌ಸೆಟ್ ಪೇಟ್ರಿಯಟ್ಸ್‌ನ ಮೈದಾನವಿದೆ, ಪಕ್ಕದಲ್ಲೇ ರೈಲು ನಿಲ್ದಾಣ. 2022ರ ಬೇಸಿಗೆಯಲ್ಲಿ ಆಂಟನಿ ವೋಲ್ಪಿಯನ್ನು ನಾನು ನೋಡಿದ್ದು ಅಲ್ಲಿಯೇ. ಎರಡು ಸ್ಟ್ರೈಕ್ ಬಿದ್ದ ಮೇಲೂ ಹೊರಗೆ ಜಾರುವ ಸ್ಲೈಡರ್‌ಗಳಿಗೆ ಬ್ಯಾಟ್ ಚಾಚದೆ, ಉಳಿದವನ್ನು ಫೌಲ್ ಮಾಡುತ್ತ ಕಾದು, ಕೊನೆಗೆ ವಾಕ್ (ನಾಲ್ಕು ತಪ್ಪು ಎಸೆತಗಳಿಗೆ ಸಿಗುವ ಮೊದಲ ಬೇಸ್) ಪಡೆದು, ಪಿಚರ್ ಮುಂದಿನ ಬ್ಯಾಟರ್‌ನತ್ತ ತಿರುಗಿದ್ದೇ ತಡ ಎರಡನೇ ಬೇಸ್‌ಗೆ ಓಡಿದ ಆ ಹುಡುಗ ಮೇಜರ್ ಲೀಗಿಗೆ ಸಿದ್ಧನಾಗಿದ್ದಾನೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಮರುವರ್ಷ ಅವನು ಮೊದಲ ದಿನದಿಂದಲೇ ಯಾಂಕೀಸ್ ಪರ ಆಡಿ 21 ಹೋಮ್ ರನ್ ಹೊಡೆದು 24 ಬೇಸ್ ಕದ್ದ. ಆದರೆ ಬ್ಯಾಟಿಂಗ್ ಸರಾಸರಿ ಮಾತ್ರ .209, ಅಂದರೆ ಸಾವಿರ ಅವಕಾಶಕ್ಕೆ 209 ಯಶಸ್ವಿ ಹೊಡೆತದ ಲೆಕ್ಕ, ತೀರ ಕಡಿಮೆ. ನಮ್ಮ ಆಟದಲ್ಲಿ ಸರಾಸರಿಯೂ ಒಂದು ಪ್ರತ್ಯೇಕ ಅಂಕವಾದ್ದರಿಂದ ಹೊಸಬನ ಬೆಲೆಯೊಳಗೆ ಈ ನಷ್ಟವನ್ನೂ ಸೇರಿಸಿಯೇ ಎಣಿಸಬೇಕು. ಆ ನಷ್ಟ ತುಂಬಿಸಲೆಂದೇ 2024ರ ಪಟ್ಟಿಯಲ್ಲಿ, ಹಿಂದಿನ ವರ್ಷ .354 ಸರಾಸರಿ ಗಳಿಸಿದ್ದ ಲೂಯಿಸ್ ಅರಾಯೆಸ್‌ನ ಹೆಸರನ್ನು ಹುಡುಗರ ಹೆಸರಿನ ಮಗ್ಗುಲಲ್ಲೇ ಬರೆದುಕೊಂಡಿದ್ದೆ.

ಆ ಪಟ್ಟಿಯ ತಲೆಯಲ್ಲಿದ್ದವನು ಮಿಲ್ವಾಕಿ ಬ್ರೂವರ್ಸ್‌ನ ಜಾಕ್ಸನ್ ಚೌರಿಯೊ, ವೆನೆಜುವೆಲಾದ ಹುಡುಗ. 2023ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ತನಗಿಂತ ಹಿರಿಯರಾದ ಪಿಚರ್‌ಗಳ ಎದುರು ಡಬಲ್-ಎ ಮಟ್ಟದಲ್ಲಿ ಅವನು 22 ಹೋಮ್ ರನ್ ಹೊಡೆದಿದ್ದ, 40ಕ್ಕೂ ಹೆಚ್ಚು ಬೇಸ್ ಕದ್ದಿದ್ದ. ಅವನ ಋತುವಿನ ಮೊದಲರ್ಧದ ಅಂಕಿಗಳು ಸಾಧಾರಣವಾಗಿದ್ದವೆಂದು ಹಿಂಜರಿದವರು ಹಲವರು. ಆದರೆ ಅವನು ಆಡಿದ ಸದರ್ನ್ ಲೀಗಿನಲ್ಲಿ ಆ ಮೊದಲರ್ಧದಲ್ಲಿ ಪ್ರಯೋಗಾರ್ಥವಾಗಿ, ಹಿಡಿತಕ್ಕೆಂದು ಮೊದಲೇ ಅಂಟು ಲೇಪಿಸಿದ ಚೆಂಡನ್ನು ಬಳಸುತ್ತಿದ್ದರು. ಅದರಿಂದ ಪಿಚರ್‌ಗಳಿಗೆ ಅನುಕೂಲವಾಗಿ ಸ್ಟ್ರೈಕ್‌ಔಟ್‌ಗಳು ಹೆಚ್ಚಿದ್ದವು, ಮತ್ತು ಹಳೆಯ ಚೆಂಡು ಮರಳಿದ ಮೇಲೆ ಚೌರಿಯೊನ ಆಟವೇ ಬೇರೆಯಾಯಿತು. ಇದಕ್ಕಿಂತ ಮುಖ್ಯವಾದ ಸಂಗತಿ, ಒಂದೂ ಮೇಜರ್ ಲೀಗ್ ಪಂದ್ಯ ಆಡುವ ಮೊದಲೇ ಬ್ರೂವರ್ಸ್ ಅವನೊಂದಿಗೆ ಎಂಟು ವರ್ಷಕ್ಕೆ 82 ಮಿಲಿಯನ್ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತ್ತು. ಎಂಟು ವರ್ಷದ ಹಣ ಗೊತ್ತಾದ ಮೇಲೆ ದಿನ ಎಣಿಸಿ ಅವನನ್ನು ಕೆಳಗೆ ಕೂರಿಸುವುದಕ್ಕೆ ಯಾವ ಕಾರಣವೂ ಉಳಿದಿರಲಿಲ್ಲ.

ಹರಾಜಿಗೆ ಎರಡು ದಿನವಿದ್ದಾಗ, ಆ ವರ್ಷದ ಅತ್ಯುತ್ತಮ ಪ್ರಾಸ್ಪೆಕ್ಟ್ (ಭರವಸೆಯ ಹೊಸಬ) ಎಂದು ಹೆಸರಾಗಿದ್ದ ಬಾಲ್ಟಿಮೋರ್‌ನ ಜಾಕ್ಸನ್ ಹಾಲಿಡೇಯನ್ನು ನಾರ್ಫೋಕ್‌ನ ಟ್ರಿಪಲ್-ಎ (ಮೇಜರ್ ಲೀಗಿಗಿಂತ ಒಂದೇ ಮೆಟ್ಟಿಲು ಕೆಳಗಿನ) ತಂಡಕ್ಕೆ ಕಳುಹಿಸಲಾಯಿತು. ಅವನಿಗೆಂದು ಬರೆದಿದ್ದ ಮೊತ್ತವನ್ನು ನಾನು ಅಂದೇ ಹೊಡೆದುಹಾಕಿ ಚೌರಿಯೊನ ಎದುರಿಗೆ ಕೂಡಿಸಿದೆ. ಟೆಕ್ಸಸ್‌ನ ವಯಟ್ ಲ್ಯಾಂಗ್‌ಫರ್ಡ್ ಕೂಡ ನನ್ನ ಮನಸ್ಸಿನಲ್ಲಿದ್ದನಾದರೂ ವಸಂತ ಶಿಬಿರದಲ್ಲಿ ಅವನ ಆಟ ನೋಡಿ ಎಲ್ಲರೂ ಅವನನ್ನೇ ಜಪಿಸುತ್ತಿದ್ದರು.

ಭಾನುವಾರ ನಡೆದದ್ದೂ ಹಾಗೆಯೇ. ಲ್ಯಾಂಗ್‌ಫರ್ಡ್‌ಗೆ ಬೆಲೆ 24ರವರೆಗೂ ಏರಿತು. ನಾನು ಚೌರಿಯೊನ ಹೆಸರನ್ನು ತಡೆದು, ಮೊದಲು ದುಬಾರಿ ಹೆಸರುಗಳನ್ನೇ ಮುಂದಿಟ್ಟು ಉಳಿದವರ ಹಣ ಕರಗಲೆಂದು ಕಾದೆ. ಅವನನ್ನು ಕೂಗುವ ಹೊತ್ತಿಗೆ ನನ್ನೊಂದಿಗೆ ಪೈಪೋಟಿಗಿಳಿಯುವ ಶಕ್ತಿ ಇಬ್ಬರಲ್ಲಿ ಮಾತ್ರ ಉಳಿದಿತ್ತು. ಖಾಲಿ ಇರುವ ಪ್ರತಿಯೊಂದು ಸ್ಥಾನಕ್ಕೂ ಕನಿಷ್ಠ ಒಂದು ಡಾಲರ್ ಕೈಯಲ್ಲಿ ಇರಲೇಬೇಕಾದ್ದರಿಂದ ಅವರ ಮಿತಿ ಎಷ್ಟೆಂದು ನನಗೆ ಗೊತ್ತಿತ್ತು. 19, 20, ಕೊನೆಗೆ ನಾನು 21 ಎಂದೆ. ಮೇಲೆ ಯಾರೂ ಕೂಗಲಿಲ್ಲ. ಕಟ್ಟಕಡೆಯಲ್ಲಿ, ಪಿಟ್ಸ್‌ಬರ್ಗ್ 2023ರ ಡ್ರಾಫ್ಟ್‌ನಲ್ಲಿ (ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಲ್ಲಿ) ಎಲ್ಲರಿಗಿಂತ ಮೊದಲು ಆರಿಸಿಕೊಂಡಿದ್ದ ಪಿಚರ್ ಪಾಲ್ ಸ್ಕೀನ್ಸ್‌ನನ್ನು ನಾಲ್ಕು ಡಾಲರ್‌ಗೆ ಪಡೆದೆ. ಅವನನ್ನು ಟ್ರಿಪಲ್-ಎಯಲ್ಲಿ ಇನ್ನಿಂಗ್ಸ್ ಎಣಿಸಿ ಬೆಳೆಸುತ್ತಾರೆಂಬುದು ಸ್ಪಷ್ಟವಿತ್ತು; ನಾಲ್ಕು ಡಾಲರ್‌ಗೆ ಕಾಯಲು ನಾನು ಸಂತೋಷದಿಂದಲೇ ಒಪ್ಪಿದೆ.

ಮೇ ತಿಂಗಳು ಮುಗಿಯುವವರೆಗೂ ಚೌರಿಯೊ ತಡವರಿಸುತ್ತಲೇ ಇದ್ದ. ಅವನನ್ನು ಕೊಡುವೆಯಾ ಎಂದು ಲೀಗಿನ ಗೆಳೆಯರು ಕೇಳಿದಾಗಲೆಲ್ಲ ಇಲ್ಲವೆಂದೆ, ಏಕೆಂದರೆ ಇಪ್ಪತ್ತರ ಹುಡುಗ ಮೇಜರ್ ಲೀಗಿನ ಪಿಚಿಂಗ್ ಕಲಿಯುತ್ತಿರುವಾಗ ಮೊದಲ ಎರಡು ತಿಂಗಳ ಅಂಕಿ ಅವನ ಅಳತೆಗೋಲಲ್ಲ. ಋತು ಮುಗಿದಾಗ .275 ಸರಾಸರಿ, 21 ಹೋಮ್ ರನ್, 22 ಸ್ಟೀಲ್ ಅವನ ಹೆಸರಿನಲ್ಲಿದ್ದವು. ಸ್ಕೀನ್ಸ್ ಮೇ 11ರಂದು ಮೊದಲ ಬಾರಿ ಮೇಜರ್ ಲೀಗಿನಲ್ಲಿ ಚೆಂಡೆಸೆದು, 133 ಇನ್ನಿಂಗ್ಸ್‌ಗಳಲ್ಲಿ 170 ಸ್ಟ್ರೈಕ್‌ಔಟ್ ಪಡೆದು, 1.96ರ ಇಆರ್‌ಎಯೊಂದಿಗೆ (ಒಂಬತ್ತು ಇನ್ನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್‌ಗಳ ಸರಾಸರಿ; ಕಡಿಮೆಯಾದಷ್ಟೂ ಒಳ್ಳೆಯದು) ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ. ಆ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದ ಹೊಸಬರಿಗೆ, ಅವರು ಎಷ್ಟು ದಿನ ಆಡಿದ್ದರೂ, ಪೂರ್ಣ ವರ್ಷದ ಸೇವೆಯನ್ನು 2022ರ ಒಪ್ಪಂದ ಕೊಡುತ್ತದೆ. ಮೇ ತಿಂಗಳಲ್ಲಿ ಬಂದ ಸ್ಕೀನ್ಸ್ ಮಾರ್ಚ್‌ನಲ್ಲೇ ಬಂದವರ ಸಮಕ್ಕೆ ನಿಂತ. ಮುಂದಿನ ಹರಾಜಿಗೆ ನಾನು ಅವನನ್ನು ಒಂಬತ್ತು ಡಾಲರ್‌ಗೂ ಚೌರಿಯೊನನ್ನು 26ಕ್ಕೂ ಉಳಿಸಿಕೊಂಡು, ಹುಡುಗರಿಗೆಂದು ಮತ್ತೆ 30 ಡಾಲರ್ ಎತ್ತಿಟ್ಟೆ.